ಆಯಿಯ ಬಾಟಲಿ, ಕಾರಿನ ಜಾಲಿ

ನಮ್ಮ ಮನೆಯಲ್ಲಿ ಈ ಕಥೆ ಹೇಳುವವರು ಕಾಕಾ, ನನ್ನ ಚಿಕ್ಕಪ್ಪ. ಬಂದವರು ಚಹಾದ ಕಪ್ಪು ಕೆಳಗಿಡುವ ಮೊದಲೇ ಶುರುವಾಗುತ್ತದೆ: "ಕಲಬುರಗ್ಯಾಗ ಒಬ್ಬ ಮಿಸ್ತ್ರಿ ಕಾರಿನ ಎ.ಸಿ.ಗೆ ಡುಪ್ಲಿಕೇಟ್ ಗ್ಯಾಸ್ ತುಂಬಿ ಕಳಿಸ್ದ ನೋಡ್ರಿ, ನಮ್ಮವ್ವನ ಜೀವಾನೇ ಹೋಗೋದಿತ್ತು."

ಬಂದವರು ಲೊಚಗುಟ್ಟುತ್ತಾರೆ. ನಾನು ಸುಮ್ಮನಿರುತ್ತೇನೆ. ಇದು ನನ್ನ ಸ್ವಭಾವವಲ್ಲ. ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಎಳೆಯಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಗ್ಯಾಸು ಡುಪ್ಲಿಕೇಟ್ ಎಂದು ಪರೀಕ್ಷೆ ಮಾಡಿದವರು ಯಾರು? ಮಿಸ್ತ್ರಿ ಕಳಿಸಿದನೋ, ನಾನೇ ಹೊರಟು ಬಂದೆನೋ? ಕೇಳಬಹುದು. ಆದರೆ ಕೇಳಿದರೆ ಅದರ ಮುಂದಿನ ಪ್ರಶ್ನೆ ನನ್ನ ಕಡೆಗೇ ಬರುತ್ತದೆ.

ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಕಮಲಾಪುರದಿಂದ ಕಲಬುರಗಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಕೆಲಸ. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಆದ್ದರಿಂದ ಅಳೆದು ಕುಡಿಯಬೇಕು. ಕಾಕಾ ಒಂದು ಬಾಟಲಿಯ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದಿದ್ದರು. ಆ ಗೆರೆಯವರೆಗಿನ ನೀರೇ ಆಕೆಯ ಇಡೀ ದಿನದ ನೀರು. ನಮ್ಮ ಭಾಗದ ಮೇ ತಿಂಗಳಲ್ಲಿ ಹೀಗಿರುವುದನ್ನು ಊಹಿಸಿಕೊಳ್ಳಿ. ಕಾರು ತಂಪಾಗಿದ್ದರೆ ಆ ನೀರು ಸಂಜೆಯವರೆಗೂ ಬರುತ್ತಿತ್ತು. ಕಾರು ಕಾದರೆ ಊರು ಮುಟ್ಟುವ ಮೊದಲೇ ಮುಗಿಯುತ್ತಿತ್ತು.

ಆ ಕಾರಿಗೆ ಹದಿಮೂರು ವರ್ಷ. ಓಡುವಾಗ ಎ.ಸಿ. ತಂಪು ಕೊಡುತ್ತಿತ್ತು, ನಿಂತರೆ ಬಿಸಿ ಉಗುಳುತ್ತಿತ್ತು. ಡಯಾಲಿಸಿಸ್‌ನ ಹಿಂದಿನ ದಿನ ಅದನ್ನು ಕಲಬುರಗಿಯ ಖೂಬಾ ಪ್ಲಾಟ್ ಹತ್ತಿರದ ಒಂದು ಶೆಡ್ಡಿಗೆ ಒಯ್ದೆ. ಕಾರಿನ ಎ.ಸಿ. ಬಿಟ್ಟು ಬೇರೆ ಕೆಲಸ ಮುಟ್ಟದ ವಯಸ್ಸಾದ ಮಿಸ್ತ್ರಿ ಅಲ್ಲಿದ್ದರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಅಂದೆ.

ಚಾಚಾ ಎಂಜಿನ್ ಚಾಲೂ ಇಡಿಸಿ ಒಳಗಿನ ಗಾಳಿಗೆ ಕೈ ಹಿಡಿದರು. ಬಿಸಿ. ಆಮೇಲೆ ಒಂದು ಮಗ್ ನೀರು ತಂದು ಕಾರಿನ ಮುಂದಿನ ಜಾಲಿಗೆ ಎರಚಿದರು. "ಈಗ ನೋಡ್ ಬೇಟಿ."

ಗಾಳಿ ತಣ್ಣಗಾಯಿತು. ಒಂದೆರಡು ನಿಮಿಷ, ಅಷ್ಟೇ.

"ಗ್ಯಾಸ್ ಬರೋಬ್ಬರಿ ಅದ. ಜಾಲಿ ಹಿಂದಿನ ಫ್ಯಾನ್ ಸುಸ್ತಾಗ್ಯದ. ಓಡುವಾಗ ಹೊರಗಿನ ಗಾಳಿ ಸಾಕಾಗ್ತದ, ನಿಂತ್ರ ಕಾಯ್ತದ. ಎರಡು ದಿನ ಗಾಡಿ ಬಿಟ್ಟು ಹೋಗು."

ಎರಡು ದಿನ ನನ್ನ ಬಳಿ ಇರಲಿಲ್ಲ. ಅಷ್ಟು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಆಯಿಯ ವಿಷಯ ತೆಗೆದರೆ ನಾನು ಅವರ ಕನಿಕರ ಬೇಡಿದಂತೆ, ವಾದ ಬಿಟ್ಟುಕೊಟ್ಟಂತೆ ಎಂದು ಅವತ್ತು ಅನ್ನಿಸಿತು.

"ನೀರು ಹಾಕಿದ್ರ ಏನು ಬೇಕಾದ್ದೂ ತಣ್ಣಗಾಗ್ತದ ಚಾಚಾ, ಅದು ಪುರಾವೆ ಅಲ್ಲ. ಫ್ಯಾನ್ ಕೆಟ್ಟಿದ್ರ ಎಂಜಿನ್ ಕಾಯ್ಬೇಕಲ್ಲ? ಹೀಟಿನ ಮುಳ್ಳು ನೋಡ್ರಿ, ನಡುವ ಅದ."

"ಈ ಗಾಡಿಗೆ ಎರಡು ಫ್ಯಾನ್ ಇರ್ತಾವ ಬೇಟಿ, ಎಂಜಿನ್‌ಗೊಂದು, ಎ.ಸಿ.ಗೊಂದು."

"ಇದ್ರ ಒಂದು ಕೆಟ್ಟು ಒಂದು ಹೆಂಗ ಉಳೀತದ? ಎರಡಕ್ಕೂ ಅಷ್ಟೇ ವಯಸ್ಸು. ಗ್ಯಾಸೇ ಕಮ್ಮಿ ಆಗ್ಯದ, ಅದನ್ನ ತುಂಬ್ರಿ."

ಈ ಮಾತಿನಲ್ಲಿ ತರ್ಕವೇ ಇರಲಿಲ್ಲ, ಬರೀ ವೇಗ ಇತ್ತು. ಚಾಚಾ ನನ್ನ ಮುಖ ನೋಡಿದರು. "ವಕೀಲಿ ಓದ್ಲಾಕತ್ತೀ ಏನು?" ಎಂದು ನಕ್ಕರು. "ಆಯ್ತವ್ವಾ, ನಿನ್ನ ಮರ್ಜಿ" ಎಂದು ಗ್ಯಾಸಿನ ಪೈಪು ಎಳೆದುಕೊಂಡರು. ಗೆದ್ದ ಖುಷಿಯಲ್ಲೇ ಕಮಲಾಪುರದವರೆಗೆ ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ಎ.ಸಿ. ಚೆನ್ನಾಗಿಯೇ ಇತ್ತು. ಎಲ್ಲಿಯೂ ನಿಂತಿರಲಿಲ್ಲವಲ್ಲ!

ಮರುದಿನ ಮಹಾಗಾಂವ ಕ್ರಾಸಿಗೆ ಸ್ವಲ್ಪ ಮೊದಲು ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿದ ಲಾರಿಯೊಂದು ಆಕ್ಸಲ್ ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಮುಂದೆ ವಾಹನ, ತಿರುಗಿಸಲು ಜಾಗವಿಲ್ಲ. ಐದು ನಿಮಿಷಕ್ಕೆ ಗಾಳಿ ಬೆಚ್ಚಗಾಯಿತು, ಹತ್ತಕ್ಕೆ ಒಲೆಯ ಬಾಯಿ. ಕಿಟಕಿ ಇಳಿಸಿದರೆ ಝಳದ ಜೊತೆಗೆ ಲಾರಿಗಳ ಹೊಗೆ. ಆಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದನ್ನೂ ಬಿಟ್ಟಳು. ನನಗೆ ಹೆದರಿಕೆಯಾದದ್ದು ಆಗ.

"ಆಯಿ, ಮಾತಾಡು."

"ಬಾಯಿ ಒಣಗ್ಯದ. ಒಂದು ಗುಟುಕು ಕೊಡು."

ಕೊಟ್ಟೆ. ಆಕೆ ನುಂಗಲಿಲ್ಲ, ಬಾಯಲ್ಲಿ ಇಟ್ಟುಕೊಂಡು ಕೂತಳು. ಬಾಟಲಿ ನನ್ನ ಕೈಯಲ್ಲಿತ್ತು. ಕಾರಿನಲ್ಲಿದ್ದ ನೀರು ಅದೊಂದೇ. ನಿನ್ನೆ ನಾನು ಪುರಾವೆ ಅಲ್ಲ ಎಂದ ಮಗ್ ನೆನಪಾಯಿತು. ಈ ನೀರು ಚೆಲ್ಲಿದರೆ ಆಕೆಗೆ ಗುಟುಕೂ ಇಲ್ಲ. ಚೆಲ್ಲದಿದ್ದರೆ ಈ ಒಲೆ.

ಆಯಿಗೆ ಅರ್ಥವಾಯಿತೋ ಏನೋ, ಬಾಯಿಯ ನೀರು ನುಂಗಿ ಕೇಳಿದಳು: "ಏನ್ ಮಾಡ್ತೀ ಅದನ್ನ?"

"ಕಾರಿಗೆ ಹಾಕಿದ್ರ ತಂಪಾಗ್ತದ."

"ಹಾಕು ಮತ್ತ. ನನಗಂತೂ ಸಾಲಂಗಿಲ್ಲ, ನಿನ್ನ ಕಾರಿಗಾದ್ರೂ ಸಾಲ್ತದೇನ್ ನೋಡು."

ಇಳಿದು ಜಾಲಿಗೆ ಹನಿಹನಿಯಾಗಿ ಸುರಿದೆ. ಓಡಿ ಬಂದು ಒಳಗೆ ಕೈ ಹಿಡಿದೆ. ತಂಪು. ಚಾಚಾ ಹೇಳಿದ್ದಂತೆಯೇ, ಅಷ್ಟೇ ಹೊತ್ತು. ನೀರು ಮುಗಿದಾಗ ಹಿಂದಿದ್ದ ಟಂಟಂ ಆಟೋದ ಚಾಲಕ ಕ್ಯಾನ್ ಎತ್ತಿಕೊಂಡು ಬಂದ. "ಕುಡಿಯೋ ನೀರಲ್ರೀ ಅಕ್ಕಾ, ಕೆರೀದು." ಕಾರಿಗೆ ಅದೇ ಸಾಕಿತ್ತು. ಲಾರಿ ಪಕ್ಕಕ್ಕೆ ಸರಿಯುವವರೆಗೆ ಮತ್ತೆ ನಾಲ್ಕು ಸಲ ಸುರಿದೆ. ನಾನು ತಳ್ಳಿಹಾಕಿದ್ದ ಪುರಾವೆಯನ್ನು ನನ್ನ ಕೈಯಾರೆ ಐದು ಸಲ ಸಾಬೀತು ಮಾಡಿದಂತಾಯಿತು.

ಆಸ್ಪತ್ರೆ ಮುಟ್ಟುವಾಗ ಆಯಿಯ ಬಿ.ಪಿ. ಇಳಿದಿತ್ತು. "ಹಿಂಗಿದ್ರ ಮಷಿನ್‌ಗೆ ಹಾಕಂಗಿಲ್ಲ" ಎಂದು ಸಿಸ್ಟರ್ ಆಕೆಯ ಕಾಲು ಎತ್ತರಕ್ಕೆ ಇಡಿಸಿದರು. ತಡವಾಗಿ ಶುರುಮಾಡಿದರು, ಮತ್ತೆ ಬಿ.ಪಿ. ಬಿತ್ತು, ಅರ್ಧಕ್ಕೇ ನಿಲ್ಲಿಸಿದರು. ಮಷಿನ್ ಬೀಪ್ ಬೀಪ್ ಅನ್ನುವಾಗ ಆಯಿ ಕಣ್ಣು ತೆರೆಯಲಿಲ್ಲ. ನಾನು ಆಕೆಯ ಎದೆ ಏರಿಳಿಯುವುದನ್ನೇ ಎಣಿಸುತ್ತ ನಿಂತೆ.

ಸುದ್ದಿ ತಿಳಿದು ಬಸ್ ಹಿಡಿದು ಓಡಿ ಬಂದ ಕಾಕಾ ಕಾರಿಡಾರಿನಲ್ಲೇ ಕೇಳಿದರು: "ನಿನ್ನೇನೇ ಗ್ಯಾಸ್ ಹಾಕಿಸಿದ್ದೆಲ್ಲ?"

"ಹಾಕಿಸಿದ್ದೆ."

ಅದು ಸತ್ಯ. ಅದೊಂದೇ ಸತ್ಯದ ಮೇಲೆ ಕಾಕಾ ತಮ್ಮ ಇಡೀ ಕಥೆ ಕಟ್ಟಿದರು. ಆಯಿ ಮರುದಿನ ಮತ್ತೆ ಮಷಿನ್‌ಗೆ ಹೋಗಿ ಚೇತರಿಸಿಕೊಂಡಳು. ಕಾಕಾ ಆ ಕಥೆ ಹೇಳುವಾಗೆಲ್ಲ ಆಕೆ ನನ್ನನ್ನು ಒಮ್ಮೆ ನೋಡುತ್ತಾಳೆ.

ಮುಂದಿನ ವಾರ ಕಾರನ್ನು ಎರಡು ದಿನ ಬಿಟ್ಟೆ. ಒಯ್ಯಲು ಹೋದಾಗ ಚಾಚಾ ಹಳೇ ಫ್ಯಾನ್ ಮೋಟಾರನ್ನು ನನ್ನ ಅಂಗೈಯಲ್ಲಿಟ್ಟರು. ಬೆರಳಿನಿಂದ ತಿರುಗಿಸಿದೆ, ಕರಕರ ಎಂದು ನಿಂತುಹೋಯಿತು. ಆಗ ಆಯಿಯ ವಿಷಯ ಎಲ್ಲ ಹೇಳಿದೆ: ಡಯಾಲಿಸಿಸ್, ಗೆರೆಯ ಬಾಟಲಿ, ಲಾರಿ. ಚಾಚಾ ಕೈ ಒರೆಸುವುದನ್ನು ನಿಲ್ಲಿಸಿದರು. "ಮೊದ್ಲೇ ಹೇಳ್ಬೇಕಿತ್ತಲ್ಲ ಬೇಟಿ" ಎಂದರು, ಮೆಲ್ಲಗೆ. ಹೇಳಬೇಕಿತ್ತು, ನಿಜ. ಕ್ಷಮೆ ಕೇಳಲೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ.

"ನಾ ಹೇಳ್ಲಿಲ್ಲ, ಖರೆ. ಆದ್ರ ಫ್ಯಾನ್ ಕೆಟ್ಟದ್ದು ನಿಮಗ ಗೊತ್ತಿತ್ತು ಚಾಚಾ, ನೀರು ಹಾಕಿ ತೋರ್ಸಿದ್ರಿ. ಮತ್ತ ನನ್ನ ಮಾತಿಗೆ ಯಾಕ ಸೋತ್ರಿ?"