ಟೀ ಗಾಡಿ ಬಾರದ ಮಾರ್ನಮಿ

ಆ ಟೀ ಗಾಡಿಯ ಹಾಡು ಇವತ್ತಿಗೂ ನನ್ನ ತಲೆಯಿಂದ ತೊಲಗಿಲ್ಲ. ಎಷ್ಟೋ ದೇವರನಾಮಗಳು ಮರೆತಿವೆ, ಸೋಬಾನೆ ಪದಗಳು ಅರ್ಧಂಬರ್ಧ ಉಳಿದಿವೆ, ಇದು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿದೆ. ‘ಕುಡಿಯಿರಿ ಟೀ, ಬಿಸಿಬಿಸಿ ಟೀ, ದಣಿದ ಮೈಗೆ ಕಸುವಿನ ಟೀ.’ ಇದಕ್ಕಿಂತ ಹೆಚ್ಚಿನ ಸಾಹಿತ್ಯ ಅದರಲ್ಲಿರಲಿಲ್ಲ. ಒಬ್ಬ ತಗಡಿನ ಕೊಳವೆಯನ್ನು ಬಾಯಿಗೆ ಹಿಡಿದು ಇಷ್ಟನ್ನೇ ಅರಚುತ್ತಿದ್ದ, ಇನ್ನೊಬ್ಬ ತಮಟೆ ಬಡಿಯುತ್ತಿದ್ದ.

ನಾನು ಮಳವಳ್ಳಿ ಕಡೆಯಿಂದ ಮದ್ದೂರು ಸೀಮೆಗೆ ಸೊಸೆಯಾಗಿ ಬಂದವಳು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನಮ್ಮೂರು ದೊಡ್ಡ ರಸ್ತೆಯ ಪಕ್ಕದಲ್ಲೇ, ಸೋಮನಹಳ್ಳಿಗೆ ಹತ್ತಿರ. ಟೀ ಪುಡಿ ಮಾರುವವರ ಎತ್ತಿನ ಗಾಡಿ ಬಣ್ಣದ ಬೋರ್ಡು ಕಟ್ಟಿಕೊಂಡು ವರ್ಷಕ್ಕೊಮ್ಮೆ ಬರುತ್ತಿತ್ತು. ಅದೂ ಯಾವಾಗ? ಸರಿಯಾಗಿ ಮಾರ್ನಮಿಯ ದಿನ. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ, ಊರಿನವರೆಲ್ಲ ಮನೆಯಲ್ಲೇ ಸಿಗುತ್ತಾರೆ ಅಂತ ಅವರಿಗೆ ಗೊತ್ತು. ಬಿಟ್ಟಿ ಟೀ ಕುಡಿಸಿ ರುಚಿ ಹತ್ತಿಸಿ ಆಮೇಲೆ ಪುಡಿ ಮಾರುವುದು ಅವರ ಉಪಾಯ. ನಮ್ಮವರು ಬಿಟ್ಟಿಯದನ್ನು ಕುಡಿದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದರೇ ಹೊರತು ಒಬ್ಬರೂ ಪೊಟ್ಟಣ ಕೊಂಡದ್ದನ್ನು ನಾನು ಕಾಣೆ.

ತಮಟೆ ಕೇಳಿದರೆ ಸಾಕು, ನಮ್ಮ ಅತ್ತೆ ಕೈಲಿದ್ದ ವಡೆಯ ಹಿಟ್ಟನ್ನು ಹಾಗೇ ಬಿಟ್ಟು ಏಳುತ್ತಿದ್ದರು. “ವಸಿ ಒಲೆ ಕಡೀಕ್ ನೋಡ್ಕೊ ಕಣವ್ವ, ಈಗ್ ಬಂದೆ.” ಎಲ್ಲಿ ಈಗ? ಒಲೆಯ ಮೇಲೆ ಕೋಳಿಸಾರು, ಪಕ್ಕದಲ್ಲಿ ಕಾದ ಎಣ್ಣೆ, ನಡುವೆ ನಾನೊಬ್ಬಳು ಹೊಗೆ ಕುಡಿಯುತ್ತ ಗಾಡಿಯವನ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದೆ. ಬರಬರುತ್ತ ಊರಿಗೆ ಊರೇ ಗಾಡಿ ಬಂದು ಹೋಗುವ ತನಕ ಎಡೆ ಇಡುವುದನ್ನೇ ಬಿಟ್ಟಿತು. ಸತ್ತವರೂ ಗಾಡಿಗಾಗಿ ಕಾಯಬೇಕು!

ಮಾವ ಮಾತ್ರ ಗಾಡಿಯ ಹತ್ತಿರ ಸುಳಿದವರಲ್ಲ. ಟೀ ಕುಡಿದರೆ ರಕ್ತ ಬತ್ತುತ್ತದೆ ಎಂಬುದು ಅವರ ನಂಬಿಕೆ. ಹಾಡು ಶುರುವಾದರೆ ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತಿಕ್ಕುತ್ತಿದ್ದರು. ಅತ್ತೆ ಗಾಡಿಯ ಮರೆಯಲ್ಲಿ, ಮನೆಗೆ ಬೆನ್ನು ಹಾಕಿ ನಿಂತು, ಒಂದು ಲೋಟ ಕುಡಿದು ಬರುತ್ತಿದ್ದರು.

ಯುದ್ಧದ ನಡುವೆ ಅತ್ತೆ ತೀರಿಕೊಂಡರು. ಅವರಿಗೆ ಎಡೆ ಇಡುವ ಮೊದಲ ಮಾರ್ನಮಿ ಬಂತು. ಯಾರಿಗೆ ಏನು ಇಷ್ಟವೋ ಅದನ್ನು ಎಡೆಗೆ ಇಡುವುದು ನಮ್ಮಲ್ಲಿ ಪದ್ಧತಿ. ಮಾವನ ಅಪ್ಪನಿಗೆ ಬೀಡಿ ಕಟ್ಟು ಬಂತು. ಅತ್ತೆಗೆ ಕಜ್ಜಾಯ ಎಂದು ಹೊಳಲಿನಿಂದ ಬಂದಿದ್ದ ನಾದಿನಿ ಹೇಳಿದಳು. ಆಗ ಮಾವ ಬಾಯಿ ಬಿಟ್ಟರು.

“ಅವ್ಳ್ಗೆ ಟೀ ಇಕ್ಬೇಕು. ಗಾಡಿ ಬರ್ಲಿ.”

ಅಷ್ಟು ಹೇಳಿ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಹೋಗಿ ಕೂತರು. ಹೆಂಡತಿ ಬಂದು ಟೀ ಇಲ್ಲದೆ ಹಾಗೇ ಹೋದಾಳು ಎಂಬ ಹೆದರಿಕೆ ಅವರ ಮುಖದಲ್ಲೇ ಕಾಣುತ್ತಿತ್ತು. ಯುದ್ಧದ ಕಾಲ, ಗಾಡಿ ಎಲ್ಲಿಂದ ಬರಬೇಕು? ಹೊತ್ತು ನೆತ್ತಿ ದಾಟಿತು. ಎಡೆ ಇಡದೆ ಯಾರೂ ಉಣ್ಣುವಂತಿಲ್ಲ. ನೆಂಟರು ಹಸಿದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು, ಗಾಡಿ ತಡೆದವಳು ನಾನೇ ಏನೋ ಎಂಬಂತೆ! ನನಗೆ ರೇಗಿಹೋಯಿತು. ಗಂಡನನ್ನು ಸೈಕಲ್ ಹತ್ತಿಸಿ ಮದ್ದೂರಿಗೆ ಅಟ್ಟಿದೆ. ಅವರು ಅಂಗಡಿ ಅಂಗಡಿ ಸುತ್ತಿ ಒಂದು ಪೊಟ್ಟಣ ಟೀ ಪುಡಿ ತಂದರು. ಮುಗಿಯಿತಲ್ಲ ಎಂದು ಅದನ್ನು ನಾದಿನಿಯ ಕೈಗೆ ಕೊಟ್ಟು ಎಲೆ ಹಾಸಲು ಹೋದೆ.

ಮುಗಿದಿರಲಿಲ್ಲ. ನಮ್ಮೂರಿಗೆ ಗಾಡಿ ಬರತೊಡಗುವ ಮೊದಲೇ ಅವಳು ಮದುವೆಯಾಗಿ ಹೋದವಳು, ಗಂಡನ ಊರಿಗಂತೂ ಗಾಡಿ ಹೋದದ್ದೇ ಇಲ್ಲ, ಟೀ ಅಂದರೆ ಒಂದು ಥರದ ಸೊಪ್ಪು ಎಂದಷ್ಟೇ ಅವಳಿಗೆ ಗೊತ್ತು. ನಮ್ಮ ಕಡೆ ಸೊಪ್ಪು ಮನೆಗೆ ಬಂದರೆ ಬಸ್ಸಾರೇ. ಪುಡಿಯನ್ನು ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ಅರೆಯುತ್ತಿದ್ದಳು. ಬಸಿದ ಚರಟಕ್ಕೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಪಲ್ಯವೂ ಆಗಿತ್ತು.

“ಅಯ್ಯೋ ನಿನ್ ಬಾಯಿಗ್ ಮಣ್ಣಾಕ! ಏನೇ ಇದು?” ಎಂದೆ.

“ಉಪ್ಪು ಸರ್ಯಾಗದೆ ಕಣತ್ಗೆ, ವಸಿ ನೋಡು” ಎಂದಳು.

ಪುಣ್ಯಕ್ಕೆ ಪೊಟ್ಟಣದ ತಳದಲ್ಲಿ ಒಂದು ಹಿಡಿ ಪುಡಿ ಉಳಿದಿತ್ತು. ಹಾಲು ಸುರಿದು, ಗೊಣಗುತ್ತಲೇ ಕುದಿಸಿ, ಸೋಸಿ, ಅತ್ತೆಯ ಎಲೆಯ ಪಕ್ಕ ಒಂದು ಲೋಟ ಇಟ್ಟೆ, ಮಿಕ್ಕದ್ದು ಪಾತ್ರೆಯಲ್ಲೇ ಉಳಿಯಿತು. ಧೂಪ ಹಾಕಿ, ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಮಾವ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು. ಸ್ವಲ್ಪ ಹೊತ್ತಿಗೆ ತೆಗೆದಾಗ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಎಡೆಯ ಪ್ರಸಾದವೆಂದು ಆ ಲೋಟವನ್ನೇ ಎತ್ತಿ ಬಾಯಿಗಿಟ್ಟರು. ಅದು ಅವರ ಜನ್ಮದ ಮೊದಲ ಟೀ.

“ಥೂ, ಕಯ್ಯಿ! ಇದ್ಕಾ ಅವ್ಳು ಅಂಗ್ ಓಡ್ತಿದ್ದುದ್ದು?”

ಇಸಿದುಕೊಂಡು ಒಂದು ಗುಟುಕು ಕುಡಿದು ನೋಡಿದೆ. ಬೆಲ್ಲವನ್ನೇ ಹಾಕಿರಲಿಲ್ಲ. ಕಬ್ಬು ಬೆಳೆಯುವ ಮನೆ, ಅಟ್ಟದ ತುಂಬ ಬೆಲ್ಲದ ಅಚ್ಚು. ನಾನು ಬಾಯಿ ಬಿಡುವ ಮೊದಲೇ ಮಾವನಿಗೆ ತಿಳಿಯಿತು.

“ಬೆಲ್ಲ ಆಕಿ ಕಾಯ್ಸು. ಇನ್ನೊಂದ್ ದಪ ಇಕ್ಕವ.”

ಒಂದೇ ದಿನ ಎರಡು ಸಲ ಎಡೆ ಇಟ್ಟವರುಂಟೇ? ನೆಂಟರು ಗೊಳ್ಳೆಂದರು. ನನಗೋ ಬೆಳಗಿನಿಂದ ಒಲೆ ಊದಿ ಕಣ್ಣು ಕೆಂಡವಾಗಿತ್ತು, ಹೊಟ್ಟೆ ಬೆನ್ನಿಗಂಟಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಮಾವನ ಮುಖ ನೋಡಿ ಎದುರು ಮಾತಾಡಿದೆ.

“ಬದುಕಿದ್ದಾಗ ಒಂದ್ ಲೋಟ ನೀವೇ ಕೊಡ್ಸಿದ್ರೆ ಆಗ್ತಿರ್ನಿಲ್ವ ಮಾವ?”

ಮಾವ ಬೈಯುತ್ತಾರೆ ಎಂದುಕೊಂಡೆ. ಅವರು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿ, ಬಾನಿಯ ನೀರಿನಲ್ಲಿ ತಾವೇ ತೊಳೆದು ನನ್ನ ಮುಂದೆ ಹಿಡಿದರು.

“ಕೊಡುಸ್ನಿಲ್ಲ ಕಣವ್ವ. ಅದ್ಕೇ ಇನ್ನೊಂದ್ ದಪ ಬಾಗ್ಲು ಮುಚ್ಚು ಅಂತಿರದು.”