ಬಣ್ಣ ಹಚ್ಚದೆ ಬಿಟ್ಟ ಜಾಗ

ನಮ್ಮ ಭಾವನವರ ಮೊಣಕಾಲು ಯಾವಾಗಲೂ ಹಸಿರು. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು ಅವರು, ಅದರಲ್ಲೂ ಕಾಡಿನ ಪರದೆ. ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಯ ಹಿಂದೆ, ಬೇವಿನ ನೆರಳಿನ ಹಾಸುಬಂಡೆಯ ಮೇಲೆ ಬಟ್ಟೆ ಹರಡಿ, ಮಂಡಿಯೂರಿ ಬರೆಯುವರು. ಎಷ್ಟು ತಿಕ್ಕಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಪಂಚೆ ಸರಿದರೆ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವಳು, ಕಾಡು ಮನೆಯೊಳಗೇ ಬಂತಲ್ಲ ಎಂದು ಹಂಗಿಸುವಳು.

ನಾನು ಕಿರಿಯ ಸೊಸೆಯಾಗಿ ಆ ಮನೆ ಸೇರಿದ್ದು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ. ಗಂಡನ ಅಣ್ಣನ ಎದುರು ನಿಲ್ಲುವುದಿರಲಿ, ಮಾತೂ ಆಡುವಂತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ, ಬೇಕಾದಷ್ಟು ನೋಡಿದೆ. ಅವರ ಪುಟ್ಟ ಮಗ ಪರದೆಯ ಮೇಲೇ ಆಡಿ, ಅಲ್ಲೇ ನಿದ್ದೆ ಹೋಗುವನು. ಭಾವ ಅವನನ್ನು ಎಬ್ಬಿಸುತ್ತಿರಲಿಲ್ಲ. ಅವನ ಸುತ್ತಲೂ ಗಿಡ, ಬಳ್ಳಿ ಬರೆಯುತ್ತ ಹೋಗುವರು. ಅವನು ಎದ್ದ ಮೇಲೆ ಉಳಿದ ಜಾಗ ತುಂಬುವರು.

ಒಂದು ಮಧ್ಯಾಹ್ನ ಹುಡುಗ ಎದ್ದಾಗ ಮೈ ಸುಡುತ್ತಿತ್ತು. ಆ ವಾರ ದಾಟಲಿಲ್ಲ.

ಪರದೆಯಲ್ಲಿ ಅವನ ಜಾಗ ಬಿಳಿಯಾಗಿ ಉಳಿಯಿತು, ಎರಡೂ ಕೈ ತಲೆಯ ಪಕ್ಕಕ್ಕೆ ಚಾಚಿ ಮಲಗಿದ ಮಗುವಿನ ಆಕಾರ. ಅಕ್ಕ ದಿನವೂ ಗೋಗರೆದಳು: "ಅದನ್ನ ತುಂಬ್ರಿ. ನನಗ ನೋಡಾಕ ಆಗವಲ್ದು." ಭಾವ ಹೂಂ ಎನ್ನುವರು, ಕುಂಚ ಮುಟ್ಟುತ್ತಿರಲಿಲ್ಲ. ಕೊನೆಗೊಂದು ದಿನ ಪರದೆ ಸುತ್ತಿ ಸಿರುಗುಪ್ಪದಲ್ಲಿ ಬಿಡಾರ ಹೂಡಿದ್ದ ಕಂಪನಿಗೆ ಒಯ್ದರು. ತುಂಬಿಯೇ ಒಯ್ದಿದ್ದಾರೆಂದು ನಾವು ತಿಳಿದೆವು.

ಸಿರುಗುಪ್ಪ ಅಕ್ಕನ ತವರು. ನಾವು ಅಲ್ಲಿಗೆ ಹೋಗಿದ್ದಾಗ ಅವಳ ತಾಯಿ ಒತ್ತಾಯ ಮಾಡಿ ನಮ್ಮಿಬ್ಬರನ್ನೂ ನಾಟಕಕ್ಕೆ ಕಳಿಸಿದಳು. ಕಾಡಿನ ದೃಶ್ಯಕ್ಕೆ ಪರದೆ ಇಳಿಯಿತು. ಅದರ ಹಿಂದೆ ಯಾರೋ ಪೆಟ್ರೋಮ್ಯಾಕ್ಸ್ ಹಿಡಿದು ಹಾದರು. ಬಣ್ಣವಿದ್ದಲ್ಲಿ ಬೆಳಕು ದಾಟಲಿಲ್ಲ, ಬಣ್ಣವಿಲ್ಲದಲ್ಲಿ ದಾಟಿತು. ಬಂಡೆಯ ಮೇಲೆ ಮಲಗಿದ್ದವನು, ಪರದೆ ತೂಗುಬಿದ್ದಾಗ ಎದ್ದು ನಿಂತಿದ್ದ. ಎತ್ತಿಕೋ ಎಂಬಂತೆ ಎರಡೂ ಕೈ ಮೇಲಕ್ಕೆತ್ತಿದ್ದ.

ಅಕ್ಕ ಎದ್ದಳು. ಜನರ ನಡುವೆ ನಡೆದು ರಂಗ ಹತ್ತಿ ಆ ಬೆಳಕಿನ ಮೇಲೆ ಅಂಗೈ ಇಟ್ಟಳು. ಪಾತ್ರಧಾರಿಗಳು ಮಾತು ಮರೆತು ನಿಂತರು. ಪಕ್ಕದಿಂದ ಭಾವ ಓಡಿಬಂದರು. ಅವಳು ಬೈಯಲಿಲ್ಲ.

"ತುಂಬಬ್ಯಾಡ್ರಿ," ಎಂದಳು. "ಇನ್ನ ಯಾವತ್ತೂ ತುಂಬಬ್ಯಾಡ್ರಿ."

ದೆವ್ವದ ಪರದೆ ಬೇಡವೆಂದು ಕಂಪನಿ ಅದನ್ನು ಮರಳಿಸಿತು. ಉಳಿದ ಕಂಪನಿಗಳೂ ಭಾವನವರನ್ನು ಕರೆಯುವುದು ಬಿಟ್ಟವು. ಆದರೆ ಸುದ್ದಿ ಕೇಳಿದ ಮುದುಕಿಯೊಬ್ಬಳು ಸತ್ತ ಗಂಡನ ಊರುಗೋಲು ಹಿಡಿದು ಕುರುಗೋಡಿನಿಂದ ಬಂದಳು. ಭಾವ ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತಲೂ ಜೋಳದ ಹೊಲ ಬರೆದು, ಕೋಲನ್ನು ಎತ್ತಿ ಅವಳ ಕೈಗೆ ಕೊಟ್ಟರು. ಹೊಲದ ನಡುವೆ ಕೋಲಿನ ಬಿಳುಪು ಉಳಿಯಿತು. ಆಮೇಲೆ ಜನ ಚಪ್ಪಲಿ, ಬೀಸಣಿಕೆ, ತೊಟ್ಟಿಲ ಗಿಳಿ ತಂದರು. ಬರೆಯದೆ ಬಿಡುವುದೂ ಒಂದು ಚಿತ್ರವೇ ಎಂದು ಪೇಟೆಯವರು ನಕ್ಕರು. ತಂದವರು ಯಾರೂ ನಗಲಿಲ್ಲ.

ಐವತ್ತರ ದಶಕದ ಮೊದಲಲ್ಲಿ ಭಾವ ದಮ್ಮು ಹತ್ತಿ ಹಾಸಿಗೆ ಹಿಡಿದರು. ಒಂದು ದಿನ ನಾನು ಗಂಜಿ ತಂದು ಬಾಗಿಲ ಮರೆಯಲ್ಲಿ ನಿಂತಾಗ ಮೊದಲ ಸಲ ನೇರವಾಗಿ ನನ್ನೊಡನೆ ಮಾತಾಡಿದರು. ಕೊನೆಯ ಸಲವೂ ಅದೇ.

"ತಂಗೀ, ಪರದಿ ಬಣ್ಣ ಉದರಾಕ ಹತ್ತೈತಿ. ಸುತ್ತ ಎಲಿ ಉಳಿದ್ರ ಅವ ಉಳಿತಾನ. ನಾನು ಬರಿಯೂದನ್ನ ನೀನು ಕಿಟಕ್ಯಾಗಿಂದ ನೋಡೀದಿ."

ಹೆಣಕ್ಕೆ ನೀರು ಹಾಕಿದಾಗಲೂ ಮೊಣಕಾಲಿನ ಹಸಿರು ಹೋಗಲಿಲ್ಲವಂತೆ.

ಈಗ ಅಕ್ಕನೂ ಇಲ್ಲ. ಪರದೆ ನನ್ನ ಹತ್ತಿರ ಇದೆ. ನನಗೆ ಚಿತ್ರ ಬರುವುದಿಲ್ಲ, ಆದರೂ ವರ್ಷಕ್ಕೊಮ್ಮೆ ಬಿಚ್ಚಿ ಹಾಸಿ, ಅವನ ಆಕಾರದ ಅಂಚಿನಲ್ಲಿ ಉದುರಿದ ಎಲೆಗಳಿಗೆ ಹಸಿರು ಹಚ್ಚುತ್ತೇನೆ. ಎಲ್ಲಿ ಅವನಿಗೆ ತಾಗೀತೋ ಎಂಬ ಹೆದರಿಕೆಯಲ್ಲಿ ಕುಂಚವನ್ನು ಒಂದೆಳೆ ಈಚೆಗೇ ನಿಲ್ಲಿಸುತ್ತೇನೆ. ಹಾಗಾಗಿ ಹುಡುಗ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದಾನೆ.