ಕವುಚಿಟ್ಟ ಮಡಕೆಗಳು

ಚಕ್ರದಿಂದ ಇಳಿಸಿದ ಮಡಕೆಗೆ ಅಡಿ ಇರುವುದಿಲ್ಲ. ನಮ್ಮ ಕಡೆ ಮಡಕೆ ಮಾಡುವ ಕ್ರಮವೇ ಹಾಗೆ. ಗಂಡಸು ಚಕ್ರದ ಮೇಲೆ ಬಾಯಿ, ಕುತ್ತಿಗೆ, ದಪ್ಪನೆಯ ಗೋಡೆ ಎಬ್ಬಿಸಿ ನೂಲಿನಿಂದ ಕತ್ತರಿಸಿ ಇಳಿಸುತ್ತಾನೆ. ಅದು ಎರಡೂ ಕಡೆ ತೆರೆದುಕೊಂಡಿರುವ ಮಣ್ಣಿನ ಬಳೆಯಷ್ಟೆ. ನೆರಳಿನಲ್ಲಿ ಅರೆ ಒಣಗಿದ ಮೇಲೆ ಹೆಂಗಸು ಅದನ್ನು ಮಡಿಲಿಗೆ ಎಳೆದುಕೊಂಡು, ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಬಡಿದು ಅಡಿ ಮುಚ್ಚುತ್ತಾಳೆ. ವೇಣೂರಿನ ನನ್ನ ಅಂಗಡಿಯ ಹಿಂದೆಯೇ ಭೋಜ ಎಂಬ ಕುಂಬಾರನ ಮನೆ. ಅವನ ಚಕ್ರದ ಸದ್ದು ರಸ್ತೆಗೆ ಕೇಳುವುದಿಲ್ಲ. ಇಷ್ಟು ವರ್ಷ ನಾನು ಅಂಗಡಿಯಲ್ಲಿ ಕುಳಿತು ಕೇಳಿದ್ದು ಅವನ ಹೆಂಡತಿಯ ಹಲಗೆಯ ಸದ್ದನ್ನು.

ಆ ಹೆಂಡತಿಯ ಹೆಸರು ಜಲಜಾಕ್ಷಿ. ಇದನ್ನು ನಾನೇ ಹೇಳಬೇಕು, ಯಾಕೆಂದರೆ ಭೋಜನ ಬಾಯಿಂದ ಆ ಹೆಸರು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಎದುರಿಗಿದ್ದರೆ ‘ಓಯ್’, ಬೇರೆಯವರ ಹತ್ತಿರವಾದರೆ ‘ತರುಣನ ಅಮ್ಮ’. ತರುಣ ಅವರ ಮಗ, ಬಂಟ್ವಾಳದ ಬಸ್ಸೊಂದರಲ್ಲಿ ಕಂಡಕ್ಟರ್. ಹೆಂಡತಿಯ ಹೆಸರು ಹಿಡಿದು ಕರೆಯಲು ಭೋಜನಿಗೆ ನಾಚಿಕೆಯೋ ಬಿಗುಮಾನವೋ, ನಾನು ಕೇಳಲು ಹೋಗಲಿಲ್ಲ.

ಜಲಜಾಕ್ಷಿ ಪುತ್ತಿಗೆಯ ಕಡೆಯವಳು. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ತಾಯಿಯ ಗುಂಡುಕಲ್ಲನ್ನು ಕಟ್ಟಿಕೊಂಡು ಬಂದಿದ್ದಳಂತೆ. ಮಾತು ಕಡಿಮೆ, ಆಡಿದರೆ ಖಡಕ್ಕು. ನನ್ನ ಹೆಂಡತಿ ಹೊಸ ಮಡಕೆಯನ್ನು ಪಳಗಿಸದೆ ಒಲೆಗಿಟ್ಟು ಒಡೆದುಕೊಂಡಾಗ, ಬದಲಿ ಮಡಕೆ ಕೊಡುವ ಮೊದಲು ಚೆನ್ನಾಗಿಯೇ ಬೈದಿದ್ದಳು. ಮಡಕೆ ಸುಡುವ ಆವಿಗೆಯಿಂದ ತೆಗೆದ ಪ್ರತಿಯೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿಯೇ ಹೊರಗೆ ಬಿಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯಲ್ಲಿ ಕೈಕಸುಬಿನವರಿಗಾಗಿ ಒಂದು ಬಳಗ ಶುರುವಾಯಿತು. ಅದರ ಕಾರ್ಯದರ್ಶಿ ಸಾಧನಾ ಅಲ್ಲಿಯ ಜೈನರ ಮನೆಯ ಹುಡುಗಿ, ವಿನ್ಯಾಸ ಕಲಿತವಳು. ಸದಸ್ಯರ ಮನೆಮನೆಗೆ ಹೋಗಿ ಫೋಟೋ ತೆಗೆಯುವುದು, ಅವರು ಮಾಡಿದ ವಸ್ತುವಿಗೆ ಅವರ ಹೆಸರು ಮತ್ತು ಮುಖ ಇರುವ ಚೀಟಿ ಕಟ್ಟುವುದು, ಮೊಬೈಲಿನಲ್ಲಿ ವಿಡಿಯೋ ಹಾಕುವುದು, ಮಿಜಾರಿನ ಕಾಲೇಜಿಗೋ ಮಂಗಳೂರಿನ ಮಾಲ್‌ಗೋ ಕರೆದೊಯ್ದು ಜನರೆದುರು ಕೆಲಸ ಮಾಡಿಸುವುದು, ಇದೆಲ್ಲ ಬಳಗದ ರೀತಿ. ಮಾಡಿದವರು ಯಾರೆಂದು ಕೊಳ್ಳುವವರಿಗೆ ಗೊತ್ತಾಗಬೇಕು ಎಂಬುದು ಸಾಧನಾಳ ಹಠ. ಒಳ್ಳೆಯ ಹಠವೇ.

ಭೋಜನ ಮನೆಗೆ ಅವಳು ಮೊದಲು ಬಂದ ದಿನ ದಾರಿ ತೋರಿಸಿದವನು ನಾನೇ. ಮಡಕೆ ಮಾಡುವವರು ಯಾರು ಎಂದು ಅವಳು ಕೇಳಿದಳು. ಭೋಜ, ತಾನೇ, ಇನ್ಯಾರು ಎಂದ. ಜಲಜಾಕ್ಷಿ ಚಹಾ ತಂದಿಟ್ಟು ಒಳಗೆ ಹೋದಳು. ನನಗೂ ಬಾಯಿ ಹಾಕಬೇಕು ಅನಿಸಲಿಲ್ಲ. ಆ ಮನೆಯಲ್ಲಿ ಮಾಡುವುದು ಎಂದರೆ ಚಕ್ರ ತಿರುಗಿಸುವುದು. ಬಡಿಯುವುದು ಅಂಗಳ ಗುಡಿಸಿದ ಹಾಗೆ ಹೆಂಗಸಿನ ಪಾಲಿಗೆ ಬಿದ್ದ ಕೆಲಸ.

ಭೋಜ ಹೆಸರುವಾಸಿಯಾದ. ಎಲ್ಲ ಮಡಕೆಗಳ ಕುತ್ತಿಗೆಯಲ್ಲೂ ಅವನ ಮುಖ ನೇತಾಡಿತು. ಮಿಜಾರಿನ ವೇದಿಕೆಯಲ್ಲಿ ಶಾಲು ಹೊದಿಸಿದರು. ಚಕ್ರದ ಮೇಲೆ ಮಣ್ಣು ಎದ್ದು ನಿಂತರೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಹೊತ್ತಿಗೆ ಕಾರ್ಯಕ್ರಮ ಮುಗಿಯುತ್ತಿತ್ತು. ಅಡಿಯಿಲ್ಲದ ಆ ಮಡಕೆಗಳನ್ನು ಜೋಪಾನವಾಗಿ ನನ್ನ ಓಮ್ನಿಯಲ್ಲಿ ವೇಣೂರಿಗೆ ತರುತ್ತಿದ್ದೆವು. ಜಲಜಾಕ್ಷಿ ಅವನ್ನು ಇಳಿಸಿಕೊಂಡು ಬಡಿಯಲು ಕೂರುತ್ತಿದ್ದಳು.

ಕಳೆದ ವರ್ಷ ದೀಪಾವಳಿಯ ಮೊದಲು ಅವಳಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಹೋಯಿತು. ಮಾತು ತೊದಲಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಭೋಜ ಮತ್ತೆ ಚಕ್ರಕ್ಕೆ ಕುಳಿತ, ಮೂಡುಬಿದಿರೆಯಲ್ಲಿ ಬಳಗದ ದೊಡ್ಡ ಪ್ರದರ್ಶನ ಹತ್ತಿರ ಬಂದಿತ್ತು. ಚಾವಡಿಯ ತುಂಬ ಸಾಲಾಗಿ ಮಡಕೆಗಳು. ಒಂದಕ್ಕೂ ಅಡಿಯಿಲ್ಲ. ತಾನೇ ಹಲಗೆ ಹಿಡಿದು ನೋಡಿದ, ಬಡಿದವೆಲ್ಲ ಹರಿದುಹೋದವು. ಉಳಿದವು ಒಣಗಿ ಬಿರುಕು ಬಿಟ್ಟವು. ಅಂಗಡಿಯಲ್ಲಿ ಕುಳಿತ ನನಗೆ ಹಲಗೆಯ ಸದ್ದಿಲ್ಲದ ಆ ಮೌನ ತಡೆಯಲಾಗಲಿಲ್ಲ. ಒಂದು ನೆಪ ಮಾಡಿಕೊಂಡು ಹೋಗಿ ನೋಡಿದರೆ, ಅವನು ಒಡೆದ ಮಡಕೆಗಳ ನಡುವೆ ಕುಳಿತಿದ್ದ.

ಸುದ್ದಿ ತಿಳಿದು ಸಾಧನಾ ಬಂದಳು. ಭೋಜ ಅವಳನ್ನು ಚಾವಡಿಗೆ ಕರೆದೊಯ್ದು ತೋರಿಸಿದ.

“ನಾನು ಸುಳ್ಳು ಹೇಳಿದ್ದಲ್ಲ ಅಮ್ಮಾ. ತರುಣನ ಅಮ್ಮ ಬಡಿಯುವುದು ಕೂಡ ಮಡಕೆ ಮಾಡುವ ಕೆಲಸ ಅಂತ ನನಗೆ ತೋಚಲೇ ಇಲ್ಲ.”

ಆಮೇಲೆ ಅಟ್ಟದ ಮೇಲಿದ್ದ ಮಡಕೆಗಳನ್ನು ಇಳಿಸಿದ. ಜಲಜಾಕ್ಷಿ ಕಾಯಿಲೆ ಬೀಳುವ ಮೊದಲು ಮುಚ್ಚಿ, ಸುಟ್ಟು, ತಟ್ಟಿ ನೋಡಿ ಇಟ್ಟವು. ಇನ್ನು ಅವಳ ಕೈಯಿಂದ ಮಡಕೆ ಬರುವುದಿಲ್ಲ. ಇವಕ್ಕಾದರೂ ಅವಳ ಹೆಸರಿನ ಚೀಟಿ ಕಟ್ಟಬೇಕು, ಅವಳ ಕಣ್ಣೆದುರೇ ಆಗಬೇಕು ಎಂದು ಹಠ ಹಿಡಿದ.

ಸಾಧನಾ ಒಪ್ಪಿದಳು. ಆದರೆ ಚೀಟಿಗೆ ಫೋಟೋ ಬೇಕಲ್ಲ? ಬಳಗದ ಕಂಪ್ಯೂಟರಿನಲ್ಲಿ ಹುಡುಕಿದರೆ ಭೋಜನದ್ದು ರಾಶಿ ಬಿದ್ದಿತ್ತು. ಜಲಜಾಕ್ಷಿ ಸಿಕ್ಕಿದ್ದು ಒಂದರಲ್ಲಿ ಮಾತ್ರ, ಅದರಲ್ಲಿಯೂ ಸೀರೆಯ ಸೆರಗು ಮತ್ತು ಚಹಾ ಲೋಟ ಹಿಡಿದ ಕೈ. ಆ ಹುಡುಗಿ ಮರುದಿನ ಕ್ಯಾಮೆರಾ ಹಿಡಿದು ಬಂದಾಗ ಕಣ್ಣು ಕೆಂಪಾಗಿತ್ತು. ಬಲಗೈಗೆ ಹಲಗೆ ಕೊಟ್ಟು, ಭೋಜಣ್ಣ ಹಿಂದಿನಿಂದ ಹಿಡಿದುಕೊಂಡರೆ ಫೋಟೋ ತೆಗೆಯಬಹುದು ಎಂದಳು. ಭೋಜ ಹಲಗೆ ತಂದ. ಜಲಜಾಕ್ಷಿ ಅದನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದಳು.

“ಬಡಿಯದ ಕೈ... ಬಡಿದ ಹಾಗೆ ಬೇಡ ಮಗಾ.” ಒಂದೊಂದು ಮಾತಿಗೂ ಅವಳು ಕಷ್ಟಪಡುತ್ತಿದ್ದಳು. ಎದುರಿಗಿದ್ದ ಮಡಕೆಯ ಕಡೆ ನೋಡಿದಳು. “ಅದನ್ನು ಕವುಚಿ ಇಡಿ. ನನ್ನದು ಅಡಿಯಲ್ಲಿ ಉಂಟು.”

ಕವುಚಿ ಇಟ್ಟರು. ಅಡಿಯ ತುಂಬ ಹಲಗೆಯ ಪೆಟ್ಟುಗಳು, ಒಂದರ ಅಂಚಿನ ಮೇಲೆ ಇನ್ನೊಂದು, ಎಲ್ಲಿಯೂ ಎಡೆ ಬಿಡದೆ. ಸಾಧನಾ ಅದನ್ನೇ ಫೋಟೋ ತೆಗೆದಳು.

ಪ್ರದರ್ಶನದಲ್ಲಿ ಭೋಜ ಎಲ್ಲ ಮಡಕೆಗಳನ್ನೂ ಕವುಚಿಯೇ ಇಟ್ಟ. ನಾನು ಜೊತೆಗಿದ್ದೆ. ಬಂದವರು ಮೊದಲು ಮಾಡುತ್ತಿದ್ದದ್ದು ಮಡಕೆಯನ್ನು ನೆಟ್ಟಗೆ ಮಾಡುವುದು. ಭೋಜ ಮತ್ತೆ ಕವುಚುವುದು. ಯಾಕೆ ಹೀಗೆ ಎಂದು ಅವರು ಕೇಳದೆ ಇರುತ್ತಿರಲಿಲ್ಲ. ಮೊದಲ ಸಲ ಅವನು ನನ್ನ ಮುಖ ನೋಡಿದ. ನಾನು ಸಹಾಯ ಮಾಡಲಿಲ್ಲ, ಬೇಕೆಂದೇ. ಕೊನೆಗೆ ಅವನೇ ಹೇಳಿದ, ಅಡಿ ಮುಚ್ಚಿದ್ದು ಜಲಜಾಕ್ಷಿ, ನನ್ನ ಹೆಂಡತಿ. ಆಮೇಲೆ ಬಂದವರಿಗೆಲ್ಲ ಹೇಳಿದ. ಸಂಜೆಯ ಹೊತ್ತಿಗೆ ಅವನ ಸ್ವರ ಬಿದ್ದುಹೋಗಿತ್ತು.

ಮಡಕೆಗಳೆಲ್ಲ ಮಾರಿಹೋದವು. ವಾಪಸು ಬಂದಾಗ ಜಲಜಾಕ್ಷಿ ಚಾವಡಿಯಲ್ಲಿ ಒರಗಿ ಕುಳಿತಿದ್ದಳು. ಖಾಲಿ ಬುಟ್ಟಿ ನೋಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ, ಅವಳ ಕಣ್ಣು ತುಂಬಿತು. ನನಗೂ ಆಗಲೇ ಹೊಳೆದದ್ದು, ಒಲೆಯ ಮೇಲಿನ ಮಸಿ ಹಿಡಿದ ಮಡಕೆ ಬಿಟ್ಟರೆ ಆ ಮನೆಯಲ್ಲಿ ಅವಳ ಕೈಯದ್ದು ಇನ್ನೇನೂ ಉಳಿದಿಲ್ಲ ಎಂದು. ಭೋಜ ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಎಡಗೈಯಲ್ಲಿಟ್ಟ. ಅವಳು ಅದನ್ನು ಬಹಳ ಹೊತ್ತು ನೋಡಿ, ಬಂದವರ ಹತ್ತಿರ ಏನು ಹೇಳಿದಿರಿ ಎಂದು ಕೇಳಿದಳು.

“ನಿನ್ನ ಹೆಸರು ಹೇಳಿದೆ.”

“ಇಲ್ಲಿ ಒಮ್ಮೆ ಹೇಳಿ.”

ನಾನು ಹೊರಡಬೇಕಿತ್ತು. ಓಮ್ನಿಯ ಬಾಗಿಲು ಹಿಡಿದು ಅಂಗಳದಲ್ಲೇ ನಿಂತೆ. ಭೋಜ ಅವಳ ಪಕ್ಕದಲ್ಲಿ, ಅವಳು ದಿನವೂ ಬಡಿಯಲು ಕೂರುತ್ತಿದ್ದ ಮಣೆಯ ಮೇಲೆ ಕುಳಿತ. ಬಿದ್ದುಹೋದ ಸ್ವರದಲ್ಲಿ ಹೇಳಿದ.

“ಜಲಜಾಕ್ಷಿ.”